ಹರಕ ಜುಟ್ಟ

ನಮ್ಮ ಅಂಗನವಾಡಿಗಿ ಬೆಂಚಿಲ್ಲ, ಶಾಬಾದಿ ಫರಸಿ ಅದ.
ಬ್ಯಾಸಿಗ್ಯಾಗ ಒಂಬತ್ತರ ತನಕ ತಂಪು,
ಆಮ್ಯಾಲ ಹುಡುಗೂರು
ಕುಂಡಿ ಎತ್ತಿ ಎತ್ತಿ ಕುಂದರತಾವ.
ಅದಕ್ಕ ನಾ ಹಾಡು ಮೊದಲಿಗೇ ಮುಗಸತೀನಿ.

ಹಾಡು ನಂದಲ್ಲ. ನಮ್ಮವ್ವಂದೂ ಅಲ್ಲ.
ಸೇಡಂ ಕಡೆ ಬೀಸೋ ಕಲ್ಲಿನ ಮುಂದ ಕುಂತು
ಯಾರೋ ಯಾರನ್ನೋ ರಮಿಸಲಿಕ್ಕಂತ ಕಟ್ಟಿದ್ದು:

    ಹುಂಜಪ್ಪ ಹುಂಜಪ್ಪ ಎಲ್ಲಿಗಿ ಹೊಂಟಿ?
    ಸಂತಿಗಿ ಹೊಂಟೀನಿ ಜುಟ್ಟ ತರಲಿಕ್ಕ.
    ಜುಟ್ಟಿಗಿ ರೊಕ್ಕ ಎಲ್ಲಿಂದ ತರತಿ?
    ರೊಕ್ಕ ಇಲ್ಲವ್ವ, ಕೂಗು ಕೊಡತೀನಿ.
    ಕೂಗು ಕೊಟ್ಟರ ಬೆಳಕು ಹರಿಯೋದು ಹ್ಯಾಂಗ?
    ಅರ್ಧ ಕೂಗು ಕೊಟ್ಟೆ, ಹರಕ ಜುಟ್ಟ ತಂದೆ!

ಹತ್ತೊಂಬತ್ತು ಹುಡುಗೂರು.
ಮುಬೀನಾ ಹುಂಜಕ್ಕ ಮುರ್ಗಾ ಅಂತಾಳ,
ನರ್ಸಿಮ್ಲು ಕೋಡಿಪುಂಜು ಅಂತಾನ,
ತಾಂಡಾದವು ಕೂಕ್ಡೊ ಅಂತಾವ.
ಮೊದಲ ವರ್ಷ ನಾ ತಿದ್ದಿದೆ. ಹುಂಜ ಅನ್ರಿ, ಹುಂಜ.
ಅಂದವು. ಅಂದು ಸುಮ್ಮನಾದವು.
ಆ ಸುಮ್ಮನಿರೋದು ನನಗ ಮನಸ್ಸಿಗಿ ಬರಲಿಲ್ಲ.
ಈಗ ನಾಲ್ಕೂ ಹೆಸರಿಲೆ ಕರೀತೀವಿ,
ಹುಂಜಪ್ಪ ನಾಲ್ಕು ಸಲ ಹೊಳ್ಳಿ ನೋಡತದ,
ನಾಲ್ಕು ಸಲ ಸಂತಿಗಿ ಹೊರಡತದ.
ಜುಟ್ಟ ಅನ್ನಲಿಕ್ಕ ಮಾತ್ರ ಎಲ್ಲಾರೂ
ನಾಲಿಗಿ ಹಿಂದಕ್ಕ ಮಡಚಲೇಬೇಕು.

ಪೂರಿಬಾಯಿ, ಅಜ್ಜಿ ಹೆಸರಿನಾಕಿ,
ಐದು ತಿಂಗಳು ಬಾಯಿ ಬಿಡಲಿಲ್ಲ.
ಉಪ್ಪಿಟ್ಟಿಗಿ ಬಿಡತಿದ್ದಳು, ಅಷ್ಟೇ.
ಕೈ ಮಾತ್ರ ಎಲ್ಲಾರಕಿಂತ ಮೊದಲು
ನೆತ್ತಿ ಮ್ಯಾಲ ಹೋಗಿ ಜುಟ್ಟ ಆಗತಿತ್ತು.
"ಕಿವಿ ಕೇಳಸತದೇನು ನೋಡಸ್ರಿ" ಅಂದರು ಮೇಡಮ್ಮೋರು.
ಕೇಳಸತಿತ್ತು.
ಎರಡು ಓಣಿ ಆಚೀಗಿ ಐಸ್‌ಕ್ಯಾಂಡಿ ಗಂಟಿ
ಆಕಿಗೇ ಮೊದಲು ಕೇಳಸತಿತ್ತು.

ಒಂದಿನ ನನ್ನ ಗಂಟಲು ಕಟ್ಟಿತ್ತು, ಗಣಿ ಧೂಳಿಗಿ.
ಅರ್ಧ ಕೂಗು ಕೊಟ್ಟೆ, ಅನ್ನೋದರಾಗ ದನಿ ಹೋತು.
ನೀರಿನ ತಂಬಗಿ ಕಡೆ ಹೊಳ್ಳಿದೆ.
ಹಿಂದಿನಿಂದ ಒಂದು ದನಿ, ಸಣ್ಣದಲ್ಲ, ದಪ್ಪಂದು:
"ಹರಕ."

ಅಷ್ಟೇ. ಜುಟ್ಟ ಇಲ್ಲ, ತಂದೆ ಇಲ್ಲ.
ಅಂಗಿ ಕಿಸೆ ಹೊರಗ ಎಳೆದು
ತೂತಿನ್ಯಾಗ ಬೆರಳು ತೂರಿಸಿ
ಆಚೀ ಕಡೆ ಬೆರಳ ತುದಿ ಕುಣಿಸಿ ತೋರಿಸಿದಳು.

ಆ ವಾರ ಊರೆಲ್ಲ ಹರಕ.
ಹರಕ ಚೀಲ. ಹರಕ ರೊಟ್ಟಿ.
ಬುಟ್ಟ್ಯಾಗ ಒಡೆದದ್ದು ಹರಕ ತತ್ತಿ,
ನೆಗಡಿ ಬಂದ ನರ್ಸಿಮ್ಲಂದು ಹರಕ ಮೂಗು,
ತೊಗರಿ ಹೊಲದ ಮ್ಯಾಲ ಹಗಲಿಗೇ ಬಂದು ನಿಂತಾವ
ಹರಕ ಚಂದಪ್ಪ.
ನನ್ನ ಗಂಟಲು ಮುಟ್ಟಿ: ಹರಕ ಟೀಚರ್.
ನಾ ತಿದ್ದಲಿಲ್ಲ.
ಆಕಿ ಅಪ್ಪ ಒಂದೇ ಹಾರಿ ಹಿಡಕೊಂಡು
ದಿನವೆಲ್ಲ ಫರಸಿ ಎಬ್ಬಸತಾನ.
ಯಾವ ಪದರಿಗಿ ಯಾವ ಹಾರಿ ಅಂತ ಕೇಳೋದಿಲ್ಲ.

ತಿಂಗಳ ಫಾರಮ್ಮಿನ್ಯಾಗ
ಬಣ್ಣ ಎಷ್ಟು ಬರತಾವ, ಹಣ್ಣು ಎಷ್ಟು, ಮೈ ಭಾಗ ಎಷ್ಟು.
ಹರಕಕ್ಕ ಕಾಲಂ ಇಲ್ಲ.
'ಇತರೆ' ಅಂಬಲ್ಲಿ 'ಒಂದು' ಅಂತ ಬರೆದೆ.
ಹೊಡೆದು ಹಾಕಿದೆ.
'ಎಣಿಸೋದು ನಡೆದದ' ಅಂತ ಬರೆದು ಸಹಿ ಹಾಕಿದೆ.
ಮೇಡಮ್ಮೋರು ಇನ್ನಾ ಫೋನ್ ಮಾಡಿಲ್ಲ.

ನಿನ್ನೆ ಮಧ್ಯಾಹ್ನ, ಯಾಳ್ಯಾ ತಪ್ಪಿ,
ಗೋಡಿ ಮ್ಯಾಲ ದಸ್ತಗೀರನ ಹುಂಜ ಕತ್ತು ಎತ್ತಿತು.
ಕೊಕ್ಕೊ, ಅಂದಿತ್ತಷ್ಟೇ,
ವಾಡಿ ಕಡೆ ಗಣ್ಯಾಗ ಬಾರು ಹಾರಿತು.
ಫರಸಿ ನಡುಗಿ ತಂಬಗಿ ಸರಿಯಿತು.
ಹುಂಜ ಕೊಕ್ಕು ಮುಚ್ಚಿತು.
ಹದಿನೆಂಟು ಹುಡುಗೂರು ನನ್ನ ಮಾರಿ ನೋಡಿದವು.
ಪೂರಿಬಾಯಿ ಎದ್ದು ಬಾಗಿಲಿಗಿ ಹೋದಳು,
ಗೋಡಿ ನೋಡಿಕೋತ, ಸೊಂಟದ ಮ್ಯಾಲ ಕೈ ಇಟ್ಟು:

"ಕೂಕ್ಡೊ, ಏ ಕೂಕ್ಡೊ,
ಇನ್ನರ್ಧ ಯಾರಿಗಿ ಕೊಟ್ಟಿ?"